ಪೊಟ್ಟಣದ ಮೇಲೆ ಕ್ಯೂಆರ್ ಕೋಡ್ ಇದ್ದರೆ ಮಾಲು ಅಸಲಿಯೇ? ಪರಿಸರಸ್ನೇಹಿಯೇ?

ಬಾರ್‌ಕೋಡ್ 890ರಿಂದ ಶುರುವಾದರೆ ಆ ವಸ್ತು ಭಾರತದಲ್ಲಿ ತಯಾರಾದದ್ದು, 690ರಿಂದ ಶುರುವಾದರೆ ಚೀನಾದ್ದು ಎಂಬ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಈಚೆಗೆ ಇದಕ್ಕೆ ಇನ್ನೊಂದು ನಂಬಿಕೆ ಸೇರಿಕೊಂಡಿದೆ. ಪೊಟ್ಟಣದ ಮೇಲೆ ಕ್ಯೂಆರ್ ಕೋಡ್ ಇದ್ದು, ಸ್ಕ್ಯಾನ್ ಮಾಡಿದಾಗ ಹಸಿರು ತೋಟದ ಚಿತ್ರವೂ ರೈತರ ಕಥೆಯೂ ತೆರೆದುಕೊಂಡರೆ ಆ ಮಾಲು ಸಾವಯವ, ಪರಿಸರಸ್ನೇಹಿ, ಅಸಲಿ ಎಂಬ ನಂಬಿಕೆ. ಈ ಎರಡರಲ್ಲಿ ನಿಜವೆಷ್ಟು ಎಂದು ನೋಡೋಣ.

890 ಎಂದರೆ ಏನು?

ಬಾರ್‌ಕೋಡ್‌ನ ಮೊದಲ ಮೂರು ಅಂಕಿಗಳು ವಸ್ತು ಎಲ್ಲಿ ತಯಾರಾಯಿತು ಎಂದು ಹೇಳುವುದಿಲ್ಲ. ಆ ಸಂಖ್ಯೆಯನ್ನು ಕಂಪನಿಗೆ ಕೊಟ್ಟ ಸಂಸ್ಥೆ ಯಾವ ದೇಶದ್ದು ಎಂದಷ್ಟೇ ಹೇಳುತ್ತವೆ. 890 ಎಂದರೆ ಜಿಎಸ್‌1 ಇಂಡಿಯಾ ಎಂಬ ಸಂಸ್ಥೆ ಕೊಟ್ಟ ಸಂಖ್ಯೆ. ಅಲ್ಲಿ ನೋಂದಾಯಿಸಿಕೊಂಡ ಕಂಪನಿ ತನ್ನ ಮಾಲನ್ನು ತುಮಕೂರಿನಲ್ಲಿ ತಯಾರಿಸಬಹುದು, ಹೊರದೇಶದಿಂದಲೂ ತರಿಸಬಹುದು. ಎರಡಕ್ಕೂ 890 ಎಂದೇ ಬರುತ್ತದೆ. ಹಾಗಾಗಿ ಆ ಸಂದೇಶ ತಪ್ಪು. ತಯಾರಾದ ದೇಶ ಬೇಕಿದ್ದರೆ ಲೇಬಲ್ ಮೇಲೆ ಅಕ್ಷರಗಳಲ್ಲಿ ಬರೆದಿರುವುದನ್ನೇ ಓದಬೇಕು.

ಬಾರ್‌ಕೋಡ್ ಹುಟ್ಟಿದ್ದು ಬಿಲ್ ಹಾಕುವ ಕೆಲಸ ಬೇಗ ಮುಗಿಯಲಿ ಎಂದು. ಅಂಗಡಿಯಲ್ಲಿ ಮೊದಲ ಬಾರಿಗೆ ಅದನ್ನು ಸ್ಕ್ಯಾನ್ ಮಾಡಿದ್ದು 1974ರ ಜೂನ್ 26ರಂದು, ಅಮೆರಿಕದ ಓಹಾಯೊ ರಾಜ್ಯದ ಟ್ರಾಯ್ ಊರಿನಲ್ಲಿ, ಒಂದು ಚೂಯಿಂಗ್ ಗಮ್ ಪೊಟ್ಟಣದ ಮೇಲೆ. ಕ್ಯೂಆರ್ ಕೋಡ್ ಬಂದದ್ದು 1994ರಲ್ಲಿ. ಜಪಾನಿನ ಡೆನ್ಸೊ ವೇವ್ ಕಂಪನಿ ಕಾರು ಕಾರ್ಖಾನೆಗಳಲ್ಲಿ ಬಿಡಿಭಾಗಗಳ ಲೆಕ್ಕ ಇಡಲು ಅದನ್ನು ರೂಪಿಸಿತು. ಎರಡೂ ಲೆಕ್ಕ ಇಡುವ ಸಾಧನಗಳು. ಬರೆದದ್ದು ನಿಜವೇ ಎಂದು ಪರೀಕ್ಷಿಸುವ ಶಕ್ತಿ ಎರಡಕ್ಕೂ ಇಲ್ಲ. ಇಂದು ಯಾರು ಬೇಕಾದರೂ ಮೊಬೈಲಿನಲ್ಲೇ ನಿಮಿಷದೊಳಗೆ ಕ್ಯೂಆರ್ ಕೋಡ್ ತಯಾರಿಸಿಕೊಳ್ಳಬಹುದು.

ಹಾಗಾದರೆ ಇದರಿಂದ ಪ್ರಯೋಜನವೇ ಇಲ್ಲವೇ?

ಖಂಡಿತ ಇದೆ. ಒಂದು ವಸ್ತು ಹೊಲದಿಂದ ಕಾರ್ಖಾನೆಗೆ, ಅಲ್ಲಿಂದ ಗೋದಾಮಿಗೆ, ಕೊನೆಗೆ ಅಂಗಡಿಗೆ ಬರುವ ದಾರಿಯನ್ನು ಪೂರೈಕೆ ಸರಪಳಿ ಎನ್ನುತ್ತಾರೆ. ಹಿಂದೆ ಪ್ರತಿ ಹಂತದಲ್ಲೂ ಬೇರೆ ಬೇರೆ ಪುಸ್ತಕ, ಬೇರೆ ಬೇರೆ ರಸೀದಿ. ಅಮೆರಿಕದ ವಾಲ್‌ಮಾರ್ಟ್ ಕಂಪನಿ ಐಬಿಎಂ ಜೊತೆ ಸೇರಿ ಒಂದು ಪ್ರಯೋಗ ನಡೆಸಿತು. ಅಂಗಡಿಯಲ್ಲಿದ್ದ ಹೆಚ್ಚಿದ ಮಾವಿನಹಣ್ಣಿನ ಡಬ್ಬಿ ಯಾವ ತೋಟದಿಂದ ಬಂತು ಎಂದು ಹಳೆಯ ಪದ್ಧತಿಯಲ್ಲಿ ಹುಡುಕಲು ಸುಮಾರು ಏಳು ದಿನ ಹಿಡಿಯಿತು. ಎಲ್ಲ ಹಂತಗಳ ದಾಖಲೆಯನ್ನೂ ಬ್ಲಾಕ್‌ಚೈನ್ ಎಂಬ ಹಂಚಿಕೆಯ ಡಿಜಿಟಲ್ ಲೆಕ್ಕಪುಸ್ತಕದಲ್ಲಿ ಇಟ್ಟಾಗ ಹಿಡಿದದ್ದು 2.2 ಸೆಕೆಂಡು. ಕಲುಷಿತ ಆಹಾರ ಮಾರುಕಟ್ಟೆಗೆ ಬಂದಾಗ ಈ ಏಳು ದಿನ ಬಹಳ ದೊಡ್ಡದು. ಯಾವ ತೋಟದ್ದೆಂದು ಗೊತ್ತಾದರೆ ಆ ಮಾಲನ್ನು ಮಾತ್ರ ವಾಪಸು ಪಡೆಯಬಹುದು. ಗೊತ್ತಾಗದಿದ್ದರೆ ಒಳ್ಳೆಯ ಹಣ್ಣೂ ಕಸದ ಬುಟ್ಟಿಗೆ ಹೋಗುತ್ತದೆ.

ಕಾರ್ಖಾನೆಯೊಳಗೂ ಇಂಥ ಲಾಭವಿದೆ. ದೊಡ್ಡ ಫ್ಯಾನ್ ಸದಾ ಪೂರ್ಣ ವೇಗದಲ್ಲಿ ತಿರುಗಬೇಕಿಲ್ಲ. ಎಷ್ಟು ಗಾಳಿ ಬೇಕೆಂದು ಸೆನ್ಸರ್ ಅಳೆದು ವೇಗವನ್ನು ಶೇ 20ರಷ್ಟು ತಗ್ಗಿಸಿದರೆ, ಭೌತಶಾಸ್ತ್ರದ ಲೆಕ್ಕದಂತೆ ಅದಕ್ಕೆ ಬೇಕಾಗುವ ವಿದ್ಯುತ್ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಈ ಉಳಿತಾಯ ಕರೆಂಟ್ ಬಿಲ್ಲಿನಲ್ಲಿ ಕಾಣಿಸುತ್ತದೆ. ಜಾಹೀರಾತು ಬೇಕಾಗುವುದಿಲ್ಲ.

ಎಲ್ಲಿ ಎಡವಟ್ಟಾಗುತ್ತದೆ?

ಯಂತ್ರ ಅಳೆದದ್ದಕ್ಕೂ ಮನುಷ್ಯ ಟೈಪ್ ಮಾಡಿದ್ದಕ್ಕೂ ವ್ಯತ್ಯಾಸವಿದೆ. ಗೊಬ್ಬರ, ಕೀಟನಾಶಕ ಹಾಕಿಲ್ಲ ಎಂದು ಒಬ್ಬರು ಬರೆದರೆ ಕಂಪ್ಯೂಟರ್ ಅದನ್ನು ಹಾಗೇ ಉಳಿಸಿಕೊಳ್ಳುತ್ತದೆ. ಬ್ಲಾಕ್‌ಚೈನ್‌ನಲ್ಲಿ ಒಮ್ಮೆ ಬರೆದದ್ದನ್ನು ಆಮೇಲೆ ಗುಟ್ಟಾಗಿ ತಿದ್ದುವುದು ಬಹಳ ಕಷ್ಟ ಎನ್ನುವುದು ನಿಜ. ಆದರೆ ಮೊದಲೇ ಸುಳ್ಳು ಬರೆದಿದ್ದರೆ ಆ ಸುಳ್ಳೂ ಅಷ್ಟೇ ಭದ್ರವಾಗಿ ಉಳಿಯುತ್ತದೆ.

ಇದಕ್ಕೆ ನಮ್ಮ ದೇಶದ್ದೇ ಉದಾಹರಣೆ ಇದೆ. ಸಾವಯವ ಬಟ್ಟೆಗೆ ಮಾನದಂಡ ನಿಗದಿ ಮಾಡುವ ಗಾಟ್ಸ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ 2020ರ ಅಕ್ಟೋಬರಿನಲ್ಲಿ ಭಾರತದ ಸಾವಯವ ಹತ್ತಿಯಲ್ಲಿ ದೊಡ್ಡ ವಂಚನೆ ನಡೆದಿದೆ ಎಂದು ಪ್ರಕಟಿಸಿತು. ಸುಮಾರು 20,000 ಟನ್ ಹತ್ತಿಗೆ ನಕಲಿ ಪ್ರಮಾಣಪತ್ರಗಳಿದ್ದವು. ನಕಲಿ ಕ್ಯೂಆರ್ ಕೋಡ್‌ಗಳೂ ಸಿಕ್ಕವು. ಅವನ್ನು ಸ್ಕ್ಯಾನ್ ಮಾಡಿದರೆ ಕೇಂದ್ರ ಸರ್ಕಾರದ ಕೃಷಿ ರಫ್ತು ಸಂಸ್ಥೆಯಾದ ಅಪೆಡಾದ ಜಾಲತಾಣದಂತೆಯೇ ಕಾಣುವ ಒಂದು ಪುಟ ತೆರೆಯುತ್ತಿತ್ತು. ಆ ಜಾಲತಾಣವೇ ನಕಲಿ! ಕೋಡ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು. ಅದು ಕರೆದೊಯ್ದ ಮನೆ ಮಾತ್ರ ಬೇರೆಯವರದ್ದು. ಇದರಿಂದ ಮೋಸಹೋದವರು ಹೆಚ್ಚು ಬೆಲೆ ಕೊಟ್ಟ ಗ್ರಾಹಕರು ಮಾತ್ರವಲ್ಲ. ನಿಜವಾಗಿ ಸಾವಯವ ಹತ್ತಿ ಬೆಳೆದ ರೈತರ ಮಾಲನ್ನೂ ಕೊಳ್ಳುವವರು ಅನುಮಾನದಿಂದ ನೋಡುವಂತಾಯಿತು.

ಕಾಫಿ ಬೆಳೆಗಾರರಿಗೂ ಇದಕ್ಕೂ ಏನು ಸಂಬಂಧ?

ದೇಶದ ಕಾಫಿಯಲ್ಲಿ ಸುಮಾರು ಶೇ 70 ಬೆಳೆಯುವುದು ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳಿರುವ ನಮ್ಮ ರಾಜ್ಯದಲ್ಲಿ. ಇದರ ದೊಡ್ಡ ಪಾಲು ಯುರೋಪಿಗೆ ಹೋಗುತ್ತದೆ. ಯುರೋಪಿಯನ್ ಒಕ್ಕೂಟ 2023ರಲ್ಲಿ ಒಂದು ಕಾನೂನು ತಂದಿತು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ, ಕೋಕೊ, ರಬ್ಬರ್ ಮುಂತಾದವು ಅಲ್ಲಿನ ಮಾರುಕಟ್ಟೆಗೆ ಬರುವಂತಿಲ್ಲ. ಅದಕ್ಕಾಗಿ ಪ್ರತಿ ತೋಟದ ಅಕ್ಷಾಂಶ, ರೇಖಾಂಶ ಕೊಡಬೇಕು. ತೋಟ 4 ಹೆಕ್ಟೇರ್, ಅಂದರೆ ಸುಮಾರು 10 ಎಕರೆಗಿಂತ ದೊಡ್ಡದಾಗಿದ್ದರೆ ಪೂರ್ತಿ ಗಡಿಯನ್ನೇ ಗುರುತಿಸಬೇಕು. ಜಾರಿಯ ದಿನಾಂಕ ಒಂದಕ್ಕಿಂತ ಹೆಚ್ಚು ಬಾರಿ ಮುಂದಕ್ಕೆ ಹೋಗಿದ್ದರೂ ಕಾಫಿ ಮಂಡಳಿ ಬೆಳೆಗಾರರನ್ನು ಮೊಬೈಲ್ ಆ್ಯಪ್ ಮೂಲಕ ನೋಂದಾಯಿಸುವ ಕೆಲಸ ಆರಂಭಿಸಿದೆ.

ಇಲ್ಲಿ ತಂತ್ರಜ್ಞಾನ ನಮ್ಮ ಬೆಳೆಗಾರರ ಪರವಾಗಿ ನಿಲ್ಲಬಲ್ಲದು. ನಮ್ಮಲ್ಲಿ ಕಾಫಿ ಬೆಳೆಯುವುದು ಮರಗಳ ನೆರಳಿನಲ್ಲಿ. ಕಾಡು ಕಡಿದಿಲ್ಲ ಎಂಬುದಕ್ಕೆ ಸಾಕ್ಷಿ ಇದ್ದರೆ ಅದು ಬೆಲೆಗೂ ನೆರವಾಗಬಹುದು. ಆದರೆ ತೊಡಕೂ ಅಲ್ಲೇ ಇದೆ. ಉಪಗ್ರಹ ಮೇಲಿನಿಂದ ನೋಡಿದಾಗ ಕಾಣುವುದು ಸಿಲ್ವರ್ ಓಕ್, ಹಲಸಿನ ಮರಗಳ ತಲೆ. ಕೆಳಗಿನ ಕಾಫಿ ಗಿಡ ಕಾಣದು. ಹಳೆಯ ತೋಟವನ್ನು ನಕ್ಷೆ ಕಾಡು ಎಂದು ತಪ್ಪಾಗಿ ತಿಳಿದರೆ, ನೆರಳಿನ ನಾಲ್ಕು ಮರ ಸವರಿದ್ದೂ ಕಾಡು ಕಡಿದಂತೆ ಕಾಣಬಹುದು. ಆಗ ಸ್ಥಳಕ್ಕೆ ಬಂದು ನೋಡುವ ಮನುಷ್ಯರೇ ಬೇಕು. ನಮ್ಮ ಬೆಳೆಗಾರರಲ್ಲಿ ಬಹುಪಾಲು ಸಣ್ಣ ಹಿಡುವಳಿದಾರರು. ಎರಡು ಎಕರೆ ತೋಟವಿರುವ, ನೆಟ್‌ವರ್ಕ್ ಸರಿಯಾಗಿ ಸಿಗದ ಕುಟುಂಬ ಆ್ಯಪ್‌ನಲ್ಲಿ ಸೇರದೆ ಉಳಿದರೆ, ಯಾವ ತಪ್ಪೂ ಮಾಡದೆಯೇ ಆ ಮಾರುಕಟ್ಟೆಯಿಂದ ಹೊರಗೆ ಬೀಳುತ್ತದೆ. ಅಕ್ಕಪಕ್ಕದ ತೋಟಗಳಲ್ಲಿ ಇಂಥವರಿದ್ದರೆ, ಗೊತ್ತಿರುವವರು ನೋಂದಣಿಗೆ ನೆರವಾಗುವುದು ಯಾವ ಫಾರ್ವರ್ಡ್‌ಗಿಂತಲೂ ದೊಡ್ಡ ಉಪಕಾರ.

ಸ್ಕ್ಯಾನ್ ಮಾಡಿದಾಗ ಏನು ನೋಡಬೇಕು?

ಮೊದಲು ಜಾಲತಾಣದ ವಿಳಾಸ ಓದಿ. ಅದು ಕಂಪನಿಯದೇ ಪುಟವಾಗಿದ್ದರೆ ಅಲ್ಲಿರುವುದು ಕಂಪನಿಯ ಮಾತು, ಪರೀಕ್ಷೆಯ ಫಲಿತಾಂಶವಲ್ಲ. ಸಾವಯವ ಎಂದಿದ್ದರೆ ಪ್ರಮಾಣಪತ್ರ ಕೊಟ್ಟವರು ಯಾರು, ಅದರ ಸಂಖ್ಯೆ ಏನು ಎಂದು ನೋಡಿ. ಆ ಸಂಖ್ಯೆಯನ್ನು ಪೊಟ್ಟಣದ ಲಿಂಕ್ ಒತ್ತಿ ಹುಡುಕಬೇಡಿ. ಪ್ರಮಾಣಪತ್ರ ಕೊಟ್ಟ ಸಂಸ್ಥೆಯ ಜಾಲತಾಣವನ್ನು ನೀವೇ ತೆರೆದು ಹುಡುಕಿ. ಹತ್ತಿಯ ಪ್ರಕರಣ ಕಲಿಸುವ ಪಾಠ ಇದೇ.

ಔಷಧದಲ್ಲಿ ಇದು ಇನ್ನೂ ಮುಖ್ಯ. 2023ರ ಆಗಸ್ಟ್ 1ರಿಂದ ದೇಶದಲ್ಲಿ 300 ಪ್ರಮುಖ ಔಷಧ ಬ್ರ್ಯಾಂಡ್‌ಗಳ ಮೇಲೆ ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡ್ ಕಡ್ಡಾಯ. ಸ್ಕ್ಯಾನ್ ಮಾಡಿದಾಗ ಬರುವ ಬ್ಯಾಚ್ ಸಂಖ್ಯೆ, ತಯಾರಾದ ಮತ್ತು ಅವಧಿ ಮುಗಿಯುವ ದಿನಾಂಕಗಳು ಪೊಟ್ಟಣದ ಮೇಲೆ ಮುದ್ರಿಸಿದ್ದಕ್ಕೆ ಹೊಂದದಿದ್ದರೆ ಆ ಔಷಧ ಬಳಸದೆ ಅಂಗಡಿಯವರನ್ನು ಕೇಳಿ, ಔಷಧ ನಿಯಂತ್ರಣ ಇಲಾಖೆಗೆ ತಿಳಿಸಿ. ಹೊಂದಿದರೆ ಅಷ್ಟರಿಂದಲೇ ಅಸಲಿ ಎಂದುಕೊಳ್ಳುವಂತಿಲ್ಲ, ಏಕೆಂದರೆ ಕೋಡನ್ನೂ ನಕಲು ಮಾಡಬಹುದು. ಬಿಲ್ ಪಡೆದು ಇಟ್ಟುಕೊಳ್ಳಿ.

890ರ ಸಂದೇಶ ಮತ್ತೆ ಬಂದರೆ ಮುಂದೆ ಕಳಿಸಬೇಡಿ. ಕಳಿಸಿದವರಿಗೆ ಅದು ಏಕೆ ತಪ್ಪೆಂದು ಎರಡು ಸಾಲಿನಲ್ಲಿ ಬರೆದು ತಿಳಿಸಿ.