ಗೇಟಿನ ಹೊರಗೆ ನಿಂತ ಬೈಕುಗಳು

ನಮ್ಮ ಕಾಲೇಜಿನ ಗೇಟಿನಲ್ಲಿ ‘ವಿದ್ಯಾರ್ಥಿಗಳ ವಾಹನಗಳಿಗೆ ಪ್ರವೇಶವಿಲ್ಲ’ ಎಂಬ ಬೋರ್ಡ್ ಇದೆ. ಅದರಿಂದ ಬೈಕ್ ತರುವವರು ಕಡಿಮೆಯಾಗಿದ್ದಾರೆ ಎಂದು ಯಾರಾದರೂ ನಂಬಿದ್ದರೆ, ಬೆಳಿಗ್ಗೆ ಹತ್ತು ಗಂಟೆಗೆ ಹೊರಗಿನ ರಸ್ತೆಯಲ್ಲಿ ಒಮ್ಮೆ ನಡೆದು ನೋಡಲಿ. ಝೆರಾಕ್ಸ್ ಅಂಗಡಿಯ ಪಕ್ಕ, ಕರೆಂಟ್ ಕಂಬದ ಕೆಳಗೆ, ಖಾಲಿ ಸೈಟಿನ ಗೋಡೆಗೆ ಒರಗಿಸಿ ಸಾಲಾಗಿ ನಿಂತ ಗಾಡಿಗಳೆಲ್ಲ ನಮ್ಮವೇ. ಬೋರ್ಡ್ ಇದ್ದರೂ ಬೈಕ್ ಬರುತ್ತಿವೆ. ಅವುಗಳನ್ನು ನೋಡಿಕೊಳ್ಳುವವರು ಮಾತ್ರ ಯಾರೂ ಇಲ್ಲ.

ಈ ವರ್ಷ ಆ ರಸ್ತೆಯಿಂದ ಎರಡು ಗಾಡಿ ಹೋದವು. ಒಂದು, ನಮ್ಮ ತರಗತಿಯ ಹುಡುಗನ ಅಣ್ಣನದು. ಹಗಲು ತಮ್ಮ ಕಾಲೇಜಿಗೆ ತರುತ್ತಿದ್ದ, ಸಂಜೆ ಅಣ್ಣ ಅದರಲ್ಲೇ ಊಟದ ಪಾರ್ಸೆಲ್ ಹಂಚುತ್ತಿದ್ದ. ಸಾಲ ಮಾಡಿ ಕೊಂಡ ಗಾಡಿ. ಗಾಡಿ ಹೋಯಿತು, ಸಂಜೆಯ ಕೆಲಸ ಹೋಯಿತು, ಕಂತು ಮಾತ್ರ ತಿಂಗಳ ತಿಂಗಳ ಬರುತ್ತಲೇ ಇದೆ. ನಾವು ‘ನನ್ನ ಬೈಕ್’ ಎಂದು ಹೇಳಿಕೊಂಡು ತಿರುಗುವ ಗಾಡಿಗಳಲ್ಲಿ ಹೆಚ್ಚಿನವು ಹೀಗೆಯೇ: ಆರ್‌ಸಿಯಲ್ಲಿ ತಂದೆಯ ಹೆಸರು, ಅಣ್ಣನ ಹೆಸರು, ಗಲ್ಫ್‌ನಲ್ಲಿರುವ ಮಾವನ ಹೆಸರು. ನಮ್ಮ ಕೈಗೆ ಬಂದಿರುವುದು ಅಮಾನತ್ತು. ಈ ಪದದ ಅರ್ಥ ನಮ್ಮ ಕಾಲೇಜಿನಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ.

ಕಳ್ಳನಿಗೆ ನಮ್ಮ ಟೈಮ್‌ಟೇಬಲ್ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಮೊದಲ ಬೆಲ್ ಆದ ಮೇಲೆ ಊಟದ ಹೊತ್ತಿನವರೆಗೆ ಆ ರಸ್ತೆಗೆ ಯಾರೂ ಬರುವುದಿಲ್ಲ. ಜುಮಾದ ದಿನವೂ ಅಷ್ಟೇ. ಖುತ್ಬಾ ಶುರುವಾದ ಮೇಲೆ ನಮಾಝ್ ಮುಗಿಯುವ ತನಕ ಮಸೀದಿಯ ಹೊರಗೆ ನೂರಾರು ಗಾಡಿಗಳಿರುತ್ತವೆ, ಮಾಲೀಕರೆಲ್ಲ ಒಳಗಿರುತ್ತಾರೆ. ಮಳೆಗಾಲದಲ್ಲಿ ಇನ್ನೂ ಸುಲಭ. ರೈನ್‌ಕೋಟ್, ಹೆಲ್ಮೆಟ್ ಹಾಕಿಕೊಂಡವನು ಗಾಡಿ ತಳ್ಳಿಕೊಂಡು ಹೋದರೆ ಸ್ಟಾರ್ಟ್ ಆಗದ ಬೈಕಿನೊಂದಿಗೆ ಒದ್ದಾಡುವ ಯಾರೋ ಪಾಪದವನು ಎಂದುಕೊಳ್ಳುತ್ತೇವೆ. ಒಂದು ಕೈ ತಳ್ಳಿ ಕೊಡುವವರೂ ಇದ್ದಾರೆ!

ಒಂಟೆಯನ್ನು ಕಟ್ಟಿಹಾಕಿ ಆಮೇಲೆ ಅಲ್ಲಾಹನ ಮೇಲೆ ಭರವಸೆ ಇಡಬೇಕೆಂಬ ಪ್ರವಾದಿ(ಸ)ರ ಬೋಧನೆಯನ್ನು ನೈತಿಕ ಶಿಕ್ಷಣದ ತರಗತಿಯಲ್ಲಿ ಎಷ್ಟು ಸಲ ಕೇಳಿಲ್ಲ? ಅದಕ್ಕೆ ತಲೆಯಾಡಿಸಿದವರೇ ಕೀಯನ್ನು ಗಾಡಿಯಲ್ಲೇ ಬಿಟ್ಟು ರೆಕಾರ್ಡ್ ಬುಕ್ ತರಲು ಅಂಗಡಿಗೆ ಓಡುತ್ತಾರೆ.

ಹ್ಯಾಂಡಲ್ ಲಾಕ್ ಹಾಕಿದ್ದೇನೆ, ಸಾಕು ಎನ್ನುವವರು ಬಹಳ. ಅದರೊಳಗಿರುವುದು ಒಂದು ಸಣ್ಣ ಲೋಹದ ಕಡ್ಡಿ. ಬಲವಾಗಿ ತಿರುಚಿದರೆ ಮುರಿಯುತ್ತದೆ. ಹಳೆಯ ಗಾಡಿಗಳಲ್ಲಿ ಕೀ ತೂತು ಎಷ್ಟು ಸವೆದಿರುತ್ತದೆಂದರೆ ಬೇರೆ ಗಾಡಿಯ ಕೀ ಹಾಕಿದರೂ ತಿರುಗುತ್ತದೆ. ಅಂಥ ಲಾಕ್ ಸೆಟ್ ಬದಲಿಸದೆ ಬೇರೆ ದಾರಿಯಿಲ್ಲ. ಎರಡನೆಯ ಬೀಗ ಬೇಕು. ಡಿಸ್ಕ್ ಬ್ರೇಕ್ ಇರುವ ಗಾಡಿಗೆ ಡಿಸ್ಕ್ ಲಾಕ್, ಇಲ್ಲದ್ದಕ್ಕೆ ದಪ್ಪ ಸರಪಳಿ. ಒಂದೆರಡು ತಿಂಗಳ ಮೊಬೈಲ್ ರೀಚಾರ್ಜ್‌ನ ದುಡ್ಡಿನಲ್ಲಿ ಸಾಧಾರಣ ಡಿಸ್ಕ್ ಲಾಕ್ ಬರುತ್ತದೆ. (ಲಾಕ್ ತೆಗೆಯಲು ಮರೆತು ಗಾಡಿ ಹೊರಡಿಸಿ ಬೀಳುವವರಿದ್ದಾರೆ. ಹ್ಯಾಂಡಲಿಗೆ ಒಂದು ಕೆಂಪು ದಾರ ಕಟ್ಟಿಕೊಳ್ಳಿ.) ಸರಪಳಿಯನ್ನು ಬರೀ ಚಕ್ರಕ್ಕೆ ಸುತ್ತಿದರೆ ಇಬ್ಬರು ಸೇರಿ ಗಾಡಿಯನ್ನೇ ಎತ್ತಿ ಟೆಂಪೋಗೆ ಹಾಕಬಹುದು. ಅದನ್ನು ಕಂಬಕ್ಕೋ ಕಬ್ಬಿಣದ ಬೇಲಿಗೋ ಸೇರಿಸಿ ಕಟ್ಟಬೇಕು, ನೆಲಕ್ಕೆ ತಾಗದಂತೆ ಬಿಗಿಯಾಗಿ. ನೆಲದ ಮೇಲೆ ಬಿದ್ದ ಸರಪಳಿಯನ್ನು ಸುತ್ತಿಗೆಯಿಂದ ಜಜ್ಜುವುದು ಸುಲಭ. ಮನಸ್ಸು ಮಾಡಿದ ಕಳ್ಳನಿಗೆ ಯಾವ ಬೀಗವೂ ದೊಡ್ಡದಲ್ಲ, ನಿಜ. ಆದರೆ ಅವನಿಗೆ ಅವಸರ ಇರುತ್ತದೆ. ಎರಡು ಬೀಗದ ಗಾಡಿಯನ್ನು ಬಿಟ್ಟು ಪಕ್ಕದ್ದನ್ನು ನೋಡುತ್ತಾನೆ.

ಸೀಟಿನ ಕೆಳಗೆ ಅಸಲು ಆರ್‌ಸಿ ಇಡುವ ಅಭ್ಯಾಸವನ್ನಂತೂ ಇಂದೇ ಬಿಡಬೇಕು. ಗಾಡಿಯ ಜೊತೆ ಅದರ ಕಾಗದವನ್ನೂ ಕಳ್ಳನ ಕೈಗೆ ಕೊಟ್ಟಂತೆ. ಡಿಜಿಲಾಕರ್ ಅಥವಾ ಎಂ-ಪರಿವಾಹನ್‌ನಲ್ಲಿರುವ ಪ್ರತಿಯನ್ನು ತಪಾಸಣೆಯಲ್ಲಿ ತೋರಿಸಿದರೆ ಸಾಕು.

ಇನ್ನು ಇನ್ಶೂರೆನ್ಸ್. ‘ಐದು ವರ್ಷದ್ದು ಇದೆ’ ಎಂದು ಮನೆಯವರು ಧೈರ್ಯವಾಗಿರುತ್ತಾರೆ. 2018ರ ಸೆಪ್ಟೆಂಬರ್‌ನಿಂದ ಹೊಸ ದ್ವಿಚಕ್ರ ವಾಹನಗಳಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಅದು ನಮ್ಮ ಗಾಡಿಯಿಂದ ಬೇರೆಯವರಿಗಾದ ಹಾನಿಗೆ ಮಾತ್ರ. ಕಳ್ಳತನಕ್ಕೆ ಪರಿಹಾರ ಬರುವುದು ‘ಓನ್ ಡ್ಯಾಮೇಜ್’ ಭಾಗದಿಂದ, ಅದು ಸಾಮಾನ್ಯವಾಗಿ ಒಂದೇ ವರ್ಷದ್ದು. ಎರಡನೇ ವರ್ಷ ಅದನ್ನು ನವೀಕರಿಸದಿದ್ದರೆ ಗಾಡಿ ಕಳವಾದಾಗ ಒಂದು ರೂಪಾಯಿಯೂ ಸಿಗದು. ನವೀಕರಿಸಿದ್ದರೂ ಪೂರ್ತಿ ಬೆಲೆ ಬರುವುದಿಲ್ಲ. ಎರಡು ವರ್ಷ ದಾಟಿದ ಗಾಡಿಯ ಮೌಲ್ಯದಲ್ಲಿ 30 ಶೇಕಡಾ, ಮೂರು ದಾಟಿದರೆ 40 ಶೇಕಡಾ ಕಳೆಯುತ್ತಾರೆ. ಎರಡೂ ಕೀ ತನ್ನಿ ಎನ್ನುತ್ತಾರೆ. ಎಫ್‌ಐಆರ್ ಬೇಕು, ಗಾಡಿ ಪತ್ತೆಯಾಗಲಿಲ್ಲವೆಂದು ಪೊಲೀಸರು ಕೊಡುವ ಅಂತಿಮ ವರದಿ ಬೇಕು. ಇಂದು ಮನೆಗೆ ಹೋದ ಕೂಡಲೇ ಪಾಲಿಸಿ ತೆಗೆದು ಆ ಒಂದು ಸಾಲಿನ ತಾರೀಕು ಓದಿ.

ಎರಡನೆಯ ಗಾಡಿಯ ವಿಷಯ ಇದಕ್ಕಿಂತ ಕಷ್ಟದ್ದು. ತಂದಿದ್ದ ಹುಡುಗನಿಗೆ ಹದಿನೇಳು ವರ್ಷ. ದೂರು ಕೊಟ್ಟರೆ ‘ಯಾರು ನಿಲ್ಲಿಸಿದ್ದು?’ ಎಂಬುದೇ ಮೊದಲ ಪ್ರಶ್ನೆ ಎಂದು ಹೆದರಿ ಮನೆಯವರು ನಾಲ್ಕು ದಿನ ಠಾಣೆಗೆ ಹೋಗಲಿಲ್ಲ. ಹೆದರಿಕೆಗೆ ಕಾರಣವಿದೆ. ಮೋಟಾರು ವಾಹನ ಕಾಯ್ದೆಯ 199ಎ ಕಲಂ ಪ್ರಕಾರ ಅಪ್ರಾಪ್ತರು ಗಾಡಿ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ಗೇರ್ ಇಲ್ಲದ ಸ್ಕೂಟರ್ ಆದರೆ ಹದಿನಾರಕ್ಕೇ ಓಡಿಸಬಹುದು ಎಂಬ ಮಾತು ನಮ್ಮ ಹುಡುಗಿಯರಲ್ಲೂ ಇದೆ. ಆ ರಿಯಾಯಿತಿ 50 ಸಿಸಿವರೆಗಿನ ಗಾಡಿಗೆ ಮಾತ್ರ. ನಮ್ಮ ರಸ್ತೆಯಲ್ಲಿ ನಿಲ್ಲುವ ಪೆಟ್ರೋಲ್ ಸ್ಕೂಟರ್‌ಗಳೆಲ್ಲ ಅದರ ಎರಡರಷ್ಟು.

ಆ ನಾಲ್ಕು ದಿನದಲ್ಲಿ ‘ಅಣ್ಣನೇ ನಿಲ್ಲಿಸಿದ್ದ ಎಂದು ಹೇಳಿಬಿಡಿ’ ಎಂದು ಸಲಹೆ ಕೊಟ್ಟವರು ಹಲವರು. ಸುಳ್ಳು ಹೇಳಬಾರದು ಎಂಬುದು ಒಂದು ಕಡೆ ಇರಲಿ. ಎದುರಿನ ಅಂಗಡಿಯ ಕ್ಯಾಮೆರಾದಲ್ಲಿ ಕಳ್ಳನಿಗಿಂತ ಮೊದಲು ಕಾಣುವುದು ಯೂನಿಫಾರ್ಮ್ ಹಾಕಿಕೊಂಡು ಗಾಡಿ ನಿಲ್ಲಿಸುವ ಹುಡುಗ. ಸುಳ್ಳು ಸಿಕ್ಕಿಬಿದ್ದರೆ ದೂರೂ ಹೋಯಿತು, ವಿಮೆಯೂ ಹೋಯಿತು. ದೂರೇ ಕೊಡದಿದ್ದರೆ? ಕದ್ದ ಗಾಡಿಯಲ್ಲಿ ಯಾರೋ ಸರ ಎಗರಿಸಿದರೂ ನಂಬರ್ ಪ್ಲೇಟ್ ಹಿಡಿದು ಪೊಲೀಸರು ಮೊದಲು ಬರುವುದು ಆರ್‌ಸಿಯಲ್ಲಿರುವ ವಿಳಾಸಕ್ಕೆ. ಠಾಣೆಗೆ ನಾವಾಗಿ ಹೋಗುವುದಕ್ಕೂ ಅವರು ಕರೆಸಿ ಹೋಗುವುದಕ್ಕೂ ಇರುವ ವ್ಯತ್ಯಾಸವನ್ನು ನಮ್ಮ ಮನೆಗಳ ಹಿರಿಯರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದ್ದರಿಂದ ಗಾಡಿ ಕಾಣದಿದ್ದರೆ ಅದೇ ಗಂಟೆಯಲ್ಲಿ 112ಕ್ಕೆ ಕರೆ ಮಾಡಿ, ನಡೆದದ್ದನ್ನು ನಡೆದ ಹಾಗೆ ಹೇಳಿ. 2024ರ ಜುಲೈ 1ರಿಂದ ಜಾರಿಯಾದ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಘಟನೆ ಯಾವ ಠಾಣೆಯ ವ್ಯಾಪ್ತಿಯಲ್ಲೇ ಆಗಿರಲಿ, ದೂರನ್ನು ಯಾವ ಠಾಣೆಯಲ್ಲೂ ಕೊಡಬಹುದು. ಇ-ಮಾರ್ಗದಲ್ಲಿ ಕೊಟ್ಟರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಉಚಿತ. ಅಂಗಡಿಯ ಕ್ಯಾಮೆರಾ ಕೆಲವು ದಿನಗಳ ನಂತರ ಹಳೆಯ ದೃಶ್ಯದ ಮೇಲೆಯೇ ಹೊಸದನ್ನು ತುಂಬಿಕೊಳ್ಳುತ್ತದೆ. ನಾಲ್ಕು ದಿನ ಎಂದರೆ ಬಹಳ ಹೊತ್ತು.

ಒಳಗೆ ಜಾಗ ಕೊಟ್ಟರೆ ಲೈಸೆನ್ಸ್ ಇಲ್ಲದವರಿಗೆ ಕಾಲೇಜೇ ಅನುಮತಿ ಕೊಟ್ಟಂತಾಗುತ್ತದೆ ಎಂಬುದು ಆಡಳಿತ ಮಂಡಳಿಯ ಮಾತು. ಅದರಲ್ಲಿ ಅರ್ಧ ನ್ಯಾಯವಿದೆ. ಆದರೆ ಇಂದಿನ ವ್ಯವಸ್ಥೆಯಲ್ಲಿ ಹದಿನೆಂಟು ತುಂಬಿ ಲೈಸೆನ್ಸ್ ಮಾಡಿಸಿದವನೂ ಹದಿನಾರರ ಹುಡುಗನೂ ಒಂದೇ ಕಂಬದ ಕೆಳಗೆ ಗಾಡಿ ನಿಲ್ಲಿಸುತ್ತಾರೆ. ನಿಯಮ ಪಾಲಿಸಿದವನಿಗೆ ಸಿಕ್ಕಿದ್ದೇನು? ಲೈಸೆನ್ಸ್, ಆರ್‌ಸಿ, ವಿಮೆಯ ಪ್ರತಿ ಮತ್ತು ಪೋಷಕರ ಸಹಿ ತಂದವರಿಗೆ ನಂಬರ್ ಇರುವ ಟೋಕನ್ ಕೊಡಿ. ಬೆಳಿಗ್ಗೆ ಗೇಟಿನಲ್ಲಿ ಒಂದು ತುಂಡು, ಸಂಜೆ ಹೊರಡುವಾಗ ಅದನ್ನು ತೋರಿಸಿದರೆ ಮಾತ್ರ ಗಾಡಿ ಹೊರಗೆ. ವಾಚ್‌ಮನ್ ಕಾಕ ಹೇಗೂ ಅಲ್ಲಿಯೇ ಕೂತಿರುತ್ತಾರೆ. ಟೋಕನ್ ಇಲ್ಲದವರು ಬಸ್ಸಿನಲ್ಲಿ ಬರಲಿ. ಹೀಗೆ ಹೇಳಿದ್ದಕ್ಕೆ ಕೆಲವು ಗೆಳೆಯರಿಗೆ ನನ್ನ ಮೇಲೆ ಸಿಟ್ಟು ಬರಬಹುದು, ಬರಲಿ.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ ಮೂರನೆಯ ಗಾಡಿ ಹೋಗುವವರೆಗೆ ಕಾಯುವುದು ಬೇಡ. ಹಳೆಯ ಕ್ಯಾಂಟೀನಿನ ಹಿಂದೆ ಮುರಿದ ಬೆಂಚುಗಳನ್ನು ಪೇರಿಸಿಟ್ಟ ಜಾಗವಿದೆ. ನಲವತ್ತು ಗಾಡಿಯಾದರೂ ಹಿಡಿಯುತ್ತದೆ, ಆಫೀಸಿನ ಕಿಟಕಿಯಿಂದ ಕಾಣುತ್ತದೆ. ಬೆಂಚು ತೆರವು ಮಾಡಲು ದ್ವಿತೀಯ ಪಿಯುಸಿ ಕಾಮರ್ಸ್‌ನ ನಾವು ಒಂದು ಶನಿವಾರ ಮಧ್ಯಾಹ್ನ ಬರುತ್ತೇವೆ. ಪ್ರಾಂಶುಪಾಲರು ದಿನ ಹೇಳಿದರೆ ಸಾಕು.