ಚಿಲ್ಲರೆ ಗೊತ್ತಿಲ್ಲದ ಜಿಫ್

ನವೆಂಬರ್ ಬಂತೆಂದರೆ ಹೈದರಾಬಾದಿನ ನಮ್ಮ ಕನ್ನಡ ಬಳಗದ ವಾಟ್ಸಾಪಿನಲ್ಲಿ ರಾಜ್ಯೋತ್ಸವದ ವಿಡಿಯೋಗಳ ಸುರಿಮಳೆ. ಎಡಿಟಿಂಗ್ ಬಲ್ಲವನೆಂದು ನನಗೆ ಬರುವ ದೂರು ಒಂದೇ: “ಎಂಪಿ4ನಲ್ಲಿ ಸರಿಯಿದ್ದ ಕೋಲಾಟ, ಜಿಫ್ ಮಾಡಿದ ಕೂಡಲೇ ಓಡೋಕೆ ಶುರು ಮಾಡುತ್ತಲ್ಲ ಸಾರ್!”

ಇದು ಲೆಕ್ಕದ ಸಮಸ್ಯೆ. ಫೋನು ಸಾಮಾನ್ಯವಾಗಿ ಸೆಕೆಂಡಿಗೆ 30 ಫ್ರೇಮ್ ಹಿಡಿಯುತ್ತದೆ. ಸೆಕೆಂಡನ್ನು ನೂರು ಪಾಲು ಮಾಡಿದರೆ ಒಂದು ಫ್ರೇಮಿಗೆ ಸಿಗುವುದು ಸುಮಾರು 3.33 ಪಾಲು. ಎಂಪಿ4 ಈ ಚಿಲ್ಲರೆಯನ್ನು ಸಂಭಾಳಿಸುತ್ತದೆ. ಜಿಫ್‌ಗೆ ಚಿಲ್ಲರೆ ಗೊತ್ತಿಲ್ಲ. 1989ರ ಅದರ ನಿಯಮದಲ್ಲಿ ಪೂರ್ಣ ಪಾಲು ಮಾತ್ರ, ಒಂದೋ 3, ಇಲ್ಲವೇ 4. ಹತ್ತು ಸೆಕೆಂಡಿನ ಕುಣಿತದಲ್ಲಿ 300 ಫ್ರೇಮ್. ಅಷ್ಟನ್ನೂ ಉಳಿಸಿಕೊಂಡರೆ 3ರ ಲೆಕ್ಕದಲ್ಲಿ ಅದು 9 ಸೆಕೆಂಡಿಗೇ ಮುಗಿಯುತ್ತದೆ, 4ರ ಲೆಕ್ಕದಲ್ಲಿ 12ಕ್ಕೆ ಎಳೆಯುತ್ತದೆ.

ಪರಿಹಾರ ಸುಲಭ. ಎಕ್ಸ್‌ಪೋರ್ಟ್ ಮಾಡುವಾಗ 25 ಅಥವಾ 20 ಆರಿಸಿ. ಫ್ರೇಮಿಗೆ ಸರಿಯಾಗಿ 4 ಅಥವಾ 5 ಪಾಲು ಬೀಳುತ್ತದೆ. ಫೋನಿನಲ್ಲಿ ಅವಕಾಶವಿದ್ದರೆ ಶೂಟಿಂಗನ್ನೇ 25ರಲ್ಲಿ ಮಾಡಿ. ನಮ್ಮ ಕರೆಂಟು 50 ಹರ್ಟ್ಜ್ ಆದ್ದರಿಂದ ಸಭಾಂಗಣದ ಟ್ಯೂಬ್‌ಲೈಟಿನ ಮಿನುಗಾಟವೂ ತಗ್ಗುತ್ತದೆ.

ಒಂದು ಮಾತು ಮಾತ್ರ ನೆನಪಿರಲಿ. ಜಿಫ್‌ನಲ್ಲಿ ದನಿಯೇ ಇರುವುದಿಲ್ಲ. ಆಮಂತ್ರಣಕ್ಕೆ, ತಮಾಷೆಗೆ ಅದು ಸಾಕು. ರಾಯಚೂರಿನಲ್ಲೋ ಕಲಬುರಗಿಯಲ್ಲೋ ಕೂತ ಅಜ್ಜಿಗೆ ಮೊಮ್ಮಗಳ ಕುಣಿತ ಕಳಿಸುವಾಗ ಎಂಪಿ4ನ್ನೇ ಕಳಿಸಿ. ಕಣ್ಣು ಮಂಜಾದವರು ಗೆಜ್ಜೆಯ ಸದ್ದಿನಲ್ಲೇ ಅರ್ಧ ಕುಣಿತ ನೋಡುತ್ತಾರೆ.