ಚುಕ್ಕಿ ಹೆಚ್ಚಿದರೆ ಬಣ್ಣ ಮಾಯ!

ವಿಂಡೋಸ್ 95 ಇರುವ ಹಳೆಯ ಕಂಪ್ಯೂಟರನ್ನು ಅಟ್ಟದಿಂದ ಇಳಿಸಿ ಚಾಲೂ ಮಾಡಿದ ವಿದ್ಯಾರ್ಥಿಗೆ ಒಂದು ಒಗಟು ಎದುರಾಗುತ್ತದೆ. ಕಂಟ್ರೋಲ್ ಪ್ಯಾನೆಲ್‌ನ ‘ಡಿಸ್‌ಪ್ಲೇ’ಗೆ ಹೋಗಿ ಪರದೆಯ ಅಳತೆಯನ್ನು 800×600ರಿಂದ 1024×768ಕ್ಕೆ ಎಳೆದೊಡನೆ ಬಣ್ಣಗಳ ಸಂಖ್ಯೆ ತಾನಾಗಿಯೇ 256ಕ್ಕೆ ಇಳಿದುಬಿಡುತ್ತದೆ. ಫೋಟೋದಲ್ಲಿರುವ ಅಜ್ಜಿಯ ಮುಖ ತೇಪೆ ಹಾಕಿದಂತೆ ಕಾಣುತ್ತದೆ. ಯಂತ್ರ ಕೆಟ್ಟಿತೆ? ಇಲ್ಲ, ಜಾಗ ಸಾಲಲಿಲ್ಲ, ಅಷ್ಟೆ.

ಪರದೆಯ ಚಿತ್ರವೆಂದರೆ ರಂಗೋಲಿಯಂತೆ ಸಾಲಾಗಿ ಇಟ್ಟ ಚುಕ್ಕಿಗಳು. ಪ್ರತಿಯೊಂದು ಚುಕ್ಕಿಯ ಬಣ್ಣವನ್ನೂ ಗ್ರಾಫಿಕ್ಸ್ ಕಾರ್ಡು ತನ್ನ ಮೆಮೊರಿಯಲ್ಲಿ ಬರೆದಿಡಬೇಕು. 1994ರಲ್ಲಿ ಬಂದ ಎಸ್‌3 ಟ್ರಯೊ64 ಚಿಪ್ಪಿನ ಕಾರ್ಡುಗಳಲ್ಲಿ ಸಾಮಾನ್ಯವಾಗಿ 1 ಅಥವಾ 2 ಎಂಬಿ ಮೆಮೊರಿ ಇರುತ್ತಿತ್ತು. 1 ಎಂಬಿ ಎಂದರೆ 10,48,576 ಬೈಟ್. ಈಗ ಪೆನ್ಸಿಲ್ ಹಿಡಿಯಿರಿ. 256 ಬಣ್ಣಕ್ಕೆ ಚುಕ್ಕಿಗೊಂದು ಬೈಟ್ ಸಾಕು: 1024×768 ಎಂದರೆ 7,86,432 ಬೈಟ್, ಹಿಡಿಸಿತು. 65,536 ಬಣ್ಣ ಬೇಕೆಂದರೆ ಚುಕ್ಕಿಗೆ ಎರಡು ಬೈಟ್; 15,72,864 ಆಯಿತು, ಹಿಡಿಸದು. ಅದೇ ಎರಡು ಬೈಟಿನ ಬಣ್ಣವನ್ನು 800×600ರಲ್ಲಿ ಕೇಳಿದರೆ 9,60,000, ಸಲೀಸಾಗಿ ಸಿಗುತ್ತದೆ. ಚುಕ್ಕಿಗೆ ಮೂರು ಬೈಟ್ ಕೊಟ್ಟು 1.67 ಕೋಟಿ ಬಣ್ಣ ಪಡೆಯಲು 640×480ಕ್ಕೆ ಇಳಿಯಬೇಕು, ಲೆಕ್ಕ 9,21,600. ಇಲ್ಲೂ ಒಂದು ತೊಡಕಿದೆ. ಕೆಲವು ಕಾರ್ಡುಗಳು ಕೆಲಸ ಸುಲಭವಾಗಲೆಂದು ಚುಕ್ಕಿಗೆ ನಾಲ್ಕು ಬೈಟ್ ತೆಗೆದಿಡುತ್ತವೆ. ಆಗ 12,28,800 ಬೈಟ್ ಬೇಕಾಗಿ, 1 ಎಂಬಿ ಕಾರ್ಡು ಕೈಚೆಲ್ಲುತ್ತದೆ. ಗುಣಾಕಾರ ಕಲಿಸಲು ಇದಕ್ಕಿಂತ ರುಚಿಯಾದ ಪಾಠ ಸಿಗುವುದು ಕಷ್ಟ.

ಇಷ್ಟರವರೆಗೆ ಎಡವಿದರೂ ನಷ್ಟವಿಲ್ಲ. ತಂದೆತಾಯಂದಿರು ಗಮನಿಸಬೇಕಾದದ್ದು ಚಿತ್ರ ಸೆಕೆಂಡಿಗೆ ಎಷ್ಟು ಸಲ ಮೂಡಬೇಕೆಂಬ ಆಯ್ಕೆಯನ್ನು. ಹಳೆಯ ಗಾಜಿನ ಮಾನಿಟರಿನಲ್ಲಿ 60 ಸಲವಾದರೆ ಪರದೆ ಮಿನುಗಿ ಕಣ್ಣು ದಣಿಯುತ್ತದೆ. 72ಕ್ಕೆ ಏರಿಸಿದರೆ ಹಿತ. ಆದರೆ ಏರಿಸುವುದು ಕಾರ್ಡಿನ ಕೈಲಾದರೂ ಕುಣಿಯಬೇಕಾದದ್ದು ಮಾನಿಟರು. 640×480ರಲ್ಲಿ 480 ಗೆರೆಗಳ ಜೊತೆಗೆ, ಕಿರಣ ಕೆಳಗಿನಿಂದ ಮೇಲಕ್ಕೆ ಮರಳಲು 45 ಗೆರೆಗಳಷ್ಟು ಸಮಯ ಬೇಕು. ಒಟ್ಟು 525, 60 ಸಲಕ್ಕೆ ಸೆಕೆಂಡಿಗೆ 31,500 ಗೆರೆ, ಅಂದರೆ 31.5 ಕಿಲೋಹರ್ಟ್ಸ್. 800×600ನ್ನು 72 ಸಲ ಬರೆಯಲು ಸುಮಾರು 48 ಕಿಲೋಹರ್ಟ್ಸ್ ಬೇಕು. 38ಕ್ಕೇ ನಿಲ್ಲುವ ಮಾನಿಟರಿಗೆ ಇದನ್ನು ಹೇರಿದರೆ ಚಿತ್ರ ಓರೆ ಗೆರೆಗಳಾಗಿ ಚೂರಾಗುತ್ತದೆ, ಕೀರಲು ಶಬ್ದ ಕೇಳಬಹುದು. ರಕ್ಷಣೆಯ ಏರ್ಪಾಡಿಲ್ಲದ ಹಳೆಯ ಮಾನಿಟರಾದರೆ ಒಳಗಿನ ಟ್ರಾನ್ಸಿಸ್ಟರ್ ಕಾದು ಸುಟ್ಟೇ ಹೋಗಬಹುದು.

ಹಾಗಾದ ಕೂಡಲೇ ಮಾನಿಟರಿನ ಗುಂಡಿ ಆರಿಸಿ. ಕಂಪ್ಯೂಟರನ್ನೂ ನಿಲ್ಲಿಸಿ, ಮತ್ತೆ ಚಾಲೂ ಮಾಡಿ, ವಿಂಡೋಸ್ 95 ಆರಂಭವಾಗುತ್ತಿದೆ ಎಂಬ ಸಾಲು ಕಂಡಾಗ ಎಫ್8 ಒತ್ತಿ ‘ಸೇಫ್ ಮೋಡ್’ ಆರಿಸಿಕೊಳ್ಳಿ. ಪರದೆ 640×480, 16 ಬಣ್ಣಕ್ಕೆ ಮರಳುತ್ತದೆ. ಅಲ್ಲಿಂದ ತಪ್ಪನ್ನು ತಿದ್ದಬಹುದು. ಮಾನಿಟರಿನ ಕೈಪಿಡಿ ಕಳೆದಿದ್ದರೆ 60ಕ್ಕಿಂತ ಮೇಲೇರದಿರುವುದೇ ಲೇಸು. ಏನೇ ಆದರೂ ಮಾನಿಟರಿನ ಹಿಂಬದಿಯನ್ನು ಮಕ್ಕಳು ಬಿಚ್ಚಬಾರದು. ಬಣ್ಣದ ಕೊಳವೆಗೆ 20,000 ವೋಲ್ಟಿಗೂ ಮೀರಿದ ವಿದ್ಯುತ್ ಬೇಕು. ಪ್ಲಗ್ ಕಿತ್ತ ಮೇಲೂ ಅದು ಒಳಗೆ ಉಳಿದಿರಬಹುದು.